ಮೂರು ದಿನ, ಮೂರು ನೀರು: ಸೂಳೆಕೆರೆ, ಮಾರಿಕಣಿವೆ, ಹರಿಹರ

ಶನಿವಾರ ನಸುಕಿನಲ್ಲಿ ದಾವಣಗೆರೆಯಿಂದ ಸಂತೇಬೆನ್ನೂರಿಗೆ ಹೋಗುವ ರಸ್ತೆಯಲ್ಲಿ ಗಾಳದವರು ಸುಲಭವಾಗಿ ಗುರುತು ಸಿಗುತ್ತಾರೆ. ಬೈಕಿಗೆ ಉದ್ದಕ್ಕೆ ಕಟ್ಟಿದ ಬಿದಿರು ಕೋಲು, ಹೆಗಲಿಗೆ ರಾಡಿನ ಚೀಲ, ಹ್ಯಾಂಡಲಿಗೆ ತೂಗು ಹಾಕಿದ ಎರೆಹುಳದ ಡಬ್ಬಿ. ವಾರವೆಲ್ಲ ಅಂಗಡಿ ಗಲ್ಲಾದಲ್ಲಿ, ಎಪಿಎಂಸಿ ಯಾರ್ಡಿನಲ್ಲಿ, ಆಫೀಸಿನ ಫೈಲುಗಳ ನಡುವೆ ಕೂತವರು ಇವರು. ವಾರಕ್ಕೊಂದು ದಿನವಾದರೂ ಬಯಲಿನ ಗಾಳಿ ಕುಡಿದು ನೀರಿನ ದಡದಲ್ಲಿ ಕೂರದಿದ್ದರೆ ಅವರಿಗೆ ಸಮಾಧಾನ ಇಲ್ಲ. ನಾನೂ ಅವರಲ್ಲೊಬ್ಬ.

ಈ ಸಲ ಕನಕ ಜಯಂತಿ ಸೋಮವಾರ ಬಂದಿತ್ತು. ಶನಿವಾರವೂ ಸೇರಿ ಮೂರು ದಿನ ಒಟ್ಟಿಗೆ ಸಿಕ್ಕಿತು. ಹೊರಟವರು ನಾನು, ನನ್ನ ಸೋದರಮಾವ, ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಗೆಳೆಯ. ಕಾರು ಗೆಳೆಯನದು. ಮಾವ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ದುಡಿದವರು. ಪಾಳಿ ಮುಗಿಸಿ ಸೀದಾ ಕೆರೆಗೆ ಹೋಗುತ್ತಿದ್ದ ಕಾಲದ ಗಾಳಗಾರ. ನನಗೆ ಗಾಳ ಕಟ್ಟಲು ಕಲಿಸಿದ್ದೂ ಅವರೇ.

ಶುಕ್ರವಾರ ರಾತ್ರಿ

ಗಾಳದ ಪ್ರವಾಸ ಶುರುವಾಗುವುದು ಹಿತ್ತಲಲ್ಲಿ. ಬಚ್ಚಲು ನೀರು ಹರಿದು ಹೋಗುವ ಬಾಳೆ ಬುಡದಲ್ಲಿ ಒಂದು ಸಲ ಗುದ್ದಲಿ ಹಾಕಿದರೆ ಸಾಕು, ಎರೆಹುಳ ಬೇಕಾದಷ್ಟು. ಅದೇ ಮಣ್ಣಿನ ಜೊತೆ ಡಬ್ಬಿಗೆ ತುಂಬಿ, ಮುಚ್ಚಳಕ್ಕೆ ತೂತು ಮಾಡಿ, ತಂಪಿರುವ ಕಡೆ ಇಡಬೇಕು. ಇದು ಸಣ್ಣ ಮೀನಿಗೆ, ಜಿಲೇಬಿ ಮೀನಿಗೆ.

ಕಾಟ್ಲಾಕ್ಕೆ ಬೇರೆ ಅಡುಗೆ. ಮಾವ ಶೇಂಗಾ ಹಿಂಡಿಯನ್ನು ಸಂಜೆಯೇ ನೆನೆಸಿಟ್ಟಿದ್ದರು. ತೌಡನ್ನು ಬಾಣಲೆಯಲ್ಲಿ ಘಮ ಬರುವವರೆಗೆ ಹುರಿದರು. ಎರಡನ್ನೂ ಕಲಸಿ, ಅಂಟಿಗೆ ಸ್ವಲ್ಪ ಮೈದಾ, ಕೊನೆಗೆ ಜಜ್ಜಿದ ಏಲಕ್ಕಿ. ಆಮೇಲೆ ಒಂದು ಗಾಜಿನ ಲೋಟದಲ್ಲಿ ನೀರು ತರಿಸಿ, ಹಿಟ್ಟಿನ ಸಣ್ಣ ಉಂಡೆಯನ್ನು ಅದರಲ್ಲಿ ಬಿಟ್ಟರು. ಉಂಡೆ ತಳಕ್ಕೆ ಕೂತಿತು. ನಿಧಾನಕ್ಕೆ ಅದರ ಮೇಲ್ಮೈ ಬಿರಿದು, ತೌಡಿನ ಪುಡಿ ಒಂದೊಂದೇ ಎದ್ದು ನೀರಿನಲ್ಲಿ ತೇಲತೊಡಗಿತು. ಒಳಗಿನ ತಿರುಳು ಮಾತ್ರ ಗಟ್ಟಿಯಾಗೇ ಇತ್ತು.

"ಹಿಂಗ್ ಇರಬೇಕು ನೋಡಪಾ. ಪೂರ್ತಿ ಗಟ್ಟಿಯಾದ್ರೆ ಮೀನಿಗೆ ವಾಸನೆ ಹತ್ತಲ್ಲ, ಪೂರ್ತಿ ಸಡಿಲಾದ್ರೆ ಗಾಳದಾಗೆ ನಿಲ್ಲಲ್ಲ" ಅಂದರು ಮಾವ.

ಇದರ ಹಿಂದೆ ಲೆಕ್ಕ ಇದೆ. ಕಾಟ್ಲಾದ ಬಾಯಿ ಮೇಲ್ಮುಖವಾಗಿದೆ. ನೀರಿನ ಮೇಲಿನ ಪದರದಲ್ಲಿ ತೇಲುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ನೀರಿನ ಸಮೇತ ಹೀರಿಕೊಂಡು, ಕಿವಿರಿನಲ್ಲಿ ಸೋಸಿ ತಿನ್ನುವ ಮೀನು ಅದು. ಅದಕ್ಕೆ ಕಚ್ಚಿ ಗೊತ್ತಿಲ್ಲ. ಹಾಗಾಗಿ ಉಂಡೆ ಸುತ್ತ ಒಂದು ಮೋಡ ಎದ್ದರೆ ತಾನೇ ಅದು ಹತ್ತಿರ ಬಂದು ಹೀರುವುದು. ರೋಹು ನಡು ನೀರಿನದು. ಮೃಗಾಲ್ ತಳದ ಕೆಸರಿನಲ್ಲಿ ಮೇಯುವಂಥದ್ದು. ಒಂದೇ ಕೆರೆಯಲ್ಲಿ ಮೂರನ್ನೂ ಒಟ್ಟಿಗೆ ಬಿಡುವುದು ಇದೇ ಕಾರಣಕ್ಕೆ. ಒಂದರ ಊಟಕ್ಕೆ ಇನ್ನೊಂದು ಅಡ್ಡ ಬರುವುದು ಕಡಿಮೆ.

ಶನಿವಾರ: ಸೂಳೆಕೆರೆ

ಕತ್ತಲಿರುವಾಗಲೇ ಹೊರಟೆವು. ಮೆಕ್ಕೆಜೋಳದ ಕಾಲ. ರಸ್ತೆ ಅಂಚಿನುದ್ದಕ್ಕೂ ಹಳದಿ ಕಾಳು ಹರಡಿ, ಅದರ ಪಕ್ಕದಲ್ಲೇ ಕಂಬಳಿ ಹೊದ್ದು ರೈತರು ಮಲಗಿದ್ದರು. ಕಾರನ್ನು ನಿಧಾನಕ್ಕೆ ಬಿಡಬೇಕು. ಸಂತೇಬೆನ್ನೂರಿನಲ್ಲಿ ಚಹಾ ಕುಡಿದು, ಪುಷ್ಕರಣಿಗೆ ಒಂದು ಸುತ್ತು ಹಾಕಿದೆವು. ನೀರಿನ ನಡುವಿನ ಆ ಮಂಟಪ ಎಷ್ಟು ಸಲ ನೋಡಿದರೂ ಚಂದ. ಅಲ್ಲಿಂದ ಮುಂದೆ ಹೊಲ ಹೋಗಿ ಅಡಿಕೆ ತೋಟ ಬರುತ್ತದೆ. ಸುಲಿದ ಅಡಿಕೆ ಬೇಯಿಸುವ ಒಗರು ವಾಸನೆ ಕಾರಿನೊಳಗೂ ಬಂತು.

ಸೂಳೆಕೆರೆಯನ್ನು ಮೊದಲ ಸಲ ನೋಡುವವರಿಗೆ ಇದು ಕೆರೆ ಅಂತ ನಂಬಿಸುವುದು ಕಷ್ಟ. ನೀರಿನ ಹರವು ಸುಮಾರು 6,500 ಎಕರೆ. ಆದರೆ ಏರಿ ಮಾತ್ರ ಅಷ್ಟೇನೂ ಉದ್ದ ಇಲ್ಲ. ಎರಡು ಗುಡ್ಡಗಳ ನಡುವಿನ ಕಣಿವೆಯನ್ನಷ್ಟೇ ಮುಚ್ಚಿದ್ದಾರೆ, ಉಳಿದ ಕೆಲಸವನ್ನು ಗುಡ್ಡಗಳೇ ಮಾಡುತ್ತವೆ. ಅಷ್ಟು ಕಾಲದ ಹಿಂದೆ ಈ ಜಾಗವನ್ನು ಕಂಡುಹಿಡಿದವರ ಕಣ್ಣು ಎಂಥದ್ದು! ಕಟ್ಟಿಸಿದವಳು ಶಾಂತವ್ವ ಅಂತ ಕಥೆ ಇದೆ. ಅವಳ ಹೆಸರಿನಿಂದಲೇ ಈ ಕೆರೆಗೆ ಶಾಂತಿಸಾಗರ ಅಂತ ಇನ್ನೊಂದು ಹೆಸರು. ಸಿದ್ಧ, ಬಸವ ಅಂತ ಎರಡು ತೂಬು. ಚಿತ್ರದುರ್ಗದ ಜನ ಕುಡಿಯುವ ನೀರೂ ಇಲ್ಲಿಂದ ಹೋಗುತ್ತದೆ.

ಏರಿಯ ಮೇಲೆ ನಾವು ಗಾಳ ಬಿಚ್ಚುವುದಿಲ್ಲ. ಮೊದಲ ಕೆಲಸ, ಮೀನುಗಾರರ ಸಂಘದವರನ್ನು ಕಂಡು ಕೇಳುವುದು. ಇಂಥ ದೊಡ್ಡ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕು ಗುತ್ತಿಗೆ ಪಡೆದವರದೋ ಸಂಘದ್ದೋ ಆಗಿರುತ್ತದೆ. ಅವರು ದುಡ್ಡು ಕಟ್ಟಿ ಮರಿ ತಂದು ಬಿಟ್ಟಿರುತ್ತಾರೆ. "ಕೆರೆ ಅಂದ್ರೆ ಸರ್ಕಾರದ್ದು, ಯಾರಾದ್ರೂ ಹಿಡೀಬಹುದು" ಅನ್ನುವ ಮಾತು ಗಾಳದವರ ಬಾಯಲ್ಲಿ ಬಹಳ ಕೇಳಿದ್ದೇನೆ. ಅದು ತಪ್ಪು ಅಂತಲೇ ನಾನು ಹೇಳುತ್ತೇನೆ.

ದಡದಲ್ಲಿ ಬಲೆ ಹೊಲಿಯುತ್ತಿದ್ದ ಹಿರಿಯರೊಬ್ಬರು ಸಿಕ್ಕರು. ಮಾವನಿಗೆ ಪರಿಚಯ.

"ಬರ್ರಿ ಅಣ್ಣಾರ. ಎಷ್ಟು ಕೋಲು?"

"ಮೂರೇ. ಸಣ್ಣವು ಬಿದ್ರೆ ವಾಪಸ್ ಬಿಡ್ತೀವಿ."

"ನಿಮ್ದು ಗೊತ್ತೈತಿ ಬಿಡ್ರಿ. ಆ ಕಡಿ ಜಾಲಿ ಮರದ ಹತ್ರ ಕೂಡ್ರಿ, ಗಾಳಿ ಕಡಿಮಿ."

ಗೆಳೆಯನಿಗೆ ಒಂದು ಅನುಮಾನ. ಇಷ್ಟು ದೊಡ್ಡ ಕೆರೆಯಲ್ಲಿ ಮೀನು ತಾನೇ ಮರಿ ಹಾಕುವುದಿಲ್ಲವೇ, ಪ್ರತಿ ವರ್ಷ ಯಾಕೆ ಬಿಡಬೇಕು? ಹಿರಿಯರು ಸೂಜಿ ನಿಲ್ಲಿಸಿ ಹೇಳಿದರು: ಕಾಟ್ಲಾ, ರೋಹು, ಮೃಗಾಲ್ ಮೂರೂ ಹೊಳೆಯ ಮೀನು. ಮಳೆಗಾಲದ ಹರಿಯುವ ಹೊಸ ನೀರು ಇದ್ದರೇನೇ ಮೊಟ್ಟೆ. ನಿಂತ ನೀರಲ್ಲಿ ಬೆಳೆಯುತ್ತವೆ, ಕೊಬ್ಬುತ್ತವೆ, ಸಂಸಾರ ಮಾತ್ರ ಮಾಡುವುದಿಲ್ಲ.

ಅವರು ಹೇಳಿದ್ದು ಅಕ್ಷರಶಃ ನಿಜ. ಒಂದು ಕಾಲದಲ್ಲಿ ಈ ಮೀನಿನ ಮರಿ ಬೇಕೆಂದರೆ ನದಿಯಿಂದಲೇ ಸೋಸಿ ತರಬೇಕಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಅವರ ಜೊತೆಯ ವಿಜ್ಞಾನಿಗಳು ಮೀನಿಗೆ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ, ನಿಂತ ನೀರಿನಲ್ಲೇ ಮೊಟ್ಟೆ ಇಡಿಸಿದರು. ಆ ದಿನವನ್ನೇ ಈಗ ದೇಶದಲ್ಲಿ ಮೀನು ಕೃಷಿಕರ ದಿನ ಅಂತ ಆಚರಿಸುತ್ತಾರೆ. ನಮ್ಮ ಬಯಲುಸೀಮೆಯ ಕೆರೆಗಳಲ್ಲಿ ಇವತ್ತು ಕಾಟ್ಲಾ ಇದ್ದರೆ ಅದರ ಹಿಂದೆ ಆ ಕೆಲಸ ಇದೆ, ಮರಿ ಸಾಕುವ ಕೇಂದ್ರದವರ ದುಡಿಮೆ ಇದೆ, ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಮರಿ ಹೊತ್ತು ತಂದು ಬಿಟ್ಟ ಈ ಸಂಘದವರ ದುಡ್ಡಿದೆ. ಈ ನೀರನ್ನೂ ಯಾರೋ ಕಟ್ಟಿ ನಿಲ್ಲಿಸಿದ್ದು, ಮೀನನ್ನೂ ಯಾರೋ ತಂದು ಬಿಟ್ಟದ್ದು. ಕೋಲು ಹಿಡಿದು ಬರುವ ನಮಗೆ ಇದು ನೆನಪಿರಬೇಕು.

ಜಾಲಿ ಮರದ ಹತ್ತಿರ ಕೂತೆವು. ಕಾರ್ತಿಕದ ಚಳಿ, ಮೂಡಗಾಳಿ. ಇಂಥ ದಿನ ಬೆಳಗಿನ ಜಾವದಲ್ಲಿ ಮೀನು ಆಳಕ್ಕೆ ಇಳಿದಿರುತ್ತದೆ. ಬಿಸಿಲು ನೀರಿಗೆ ತಾಗಿದ ಮೇಲೆಯೇ ಆಟ. ಅಲ್ಲಿವರೆಗೆ ಬುತ್ತಿ ಬಿಚ್ಚಿ ಒಗ್ಗರಣೆ ಮಂಡಕ್ಕಿ ತಿಂದೆವು. ನೀರುಕಾಗೆಗಳು ಸಾಲಾಗಿ ಮುಳುಗಿ ಏಳುತ್ತಿದ್ದವು. ಅವು ಎಲ್ಲಿ ಮುಳುಗುತ್ತವೆ ಅಂತ ನೋಡುತ್ತಿದ್ದರೆ ಸಣ್ಣ ಮೀನಿನ ಗುಂಪು ಯಾವ ಕಡೆ ಸರಿಯುತ್ತಿದೆ ಅಂತ ತಿಳಿಯುತ್ತದೆ.

ಒಂಬತ್ತರ ಸುಮಾರಿಗೆ ಮಾವನ ಗಾಳದ ದಾರಕ್ಕೆ ಕಟ್ಟಿ ತೇಲಬಿಟ್ಟ ಬೆಂಡು ಅಲುಗಿತು. ಒಂದು ಸಲ ತುಸು ಕುಸಿಯಿತು, ಮತ್ತೆ ಎದ್ದಿತು. ಮಾವ ಕೋಲು ಮುಟ್ಟಲಿಲ್ಲ. ಇನ್ನೊಂದು ಸಲ ಕುಸಿಯಿತು. ಆಮೇಲೆ ಬೆಂಡು ಮುಳುಗದೆ ಅಡ್ಡಡ್ಡಕ್ಕೆ ಸರಿಯತೊಡಗಿತು. ಆಗ ಮಣಿಕಟ್ಟನ್ನಷ್ಟೇ ತಿರುಗಿಸಿ ಎಳೆದರು. ಕೋಲು ಬಾಗಿತು, ರೀಲು ಕಿರ್ರ್ ಅಂತ ಬಿಚ್ಚಿಕೊಂಡಿತು.

ಕಾಟ್ಲಾ ಗಾಳಕ್ಕೆ ಬಿದ್ದಾಗ ಎಳೆಯುವ ಆಸೆ ಮಾಡಬಾರದು. ಅದರ ತುಟಿ ಮೆತ್ತಗೆ, ಹರಿದು ಹೋಗುತ್ತದೆ. ಮಾವ ರೀಲಿನ ಬಿಗಿ ಸಡಿಲಿಸಿ ದಾರ ಕೊಟ್ಟರು, ಅದು ನಿಂತಾಗ ಮಾತ್ರ ಸುತ್ತಿದರು. ಮತ್ತೆ ಓಡಿತು, ಮತ್ತೆ ಕೊಟ್ಟರು. ಎಷ್ಟೋ ಹೊತ್ತಿನ ಮೇಲೆ ದೊಡ್ಡ ತಲೆ ನೀರಿನ ಮೇಲೆ ಕಂಡಿತು. ಗೆಳೆಯ ಮೊಣಕಾಲುದ್ದ ನೀರಿಗಿಳಿದು ಕೈಬಲೆಯಲ್ಲಿ ಎತ್ತಿದ. ಮೂರು ಕೆಜಿಗೆ ಕಡಿಮೆ ಇರಲಿಲ್ಲ. ಬೆನ್ನಿನ ಮೇಲೆ ಬೂದು, ಪಕ್ಕೆಯಲ್ಲಿ ಬೆಳ್ಳಿ, ಬಿಸಿಲಿಗೆ ಹಿಡಿದರೆ ಒಂದೊಂದು ಪೊರೆಯ ಅಂಚಿನಲ್ಲೂ ಸಣ್ಣ ಗುಲಾಬಿ ಗೆರೆ.

ನನಗೆ ಎರಡು ರೋಹು ಬಿದ್ದವು. ಒಂದು ಒಂದೂವರೆ ಗೇಣು ಸಹ ಇರಲಿಲ್ಲ. ಮಾವನ ಅಳತೆ ಪ್ರಕಾರ ಅದು ವಾಪಸ್. ಬಿಡುವುದಕ್ಕೂ ಕ್ರಮ ಇದೆ. ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು. ಒಣ ಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಕಿತ್ತು ಹೋಗಿ ಮೀನಿಗೆ ರೋಗ ಹತ್ತುತ್ತದೆ. ಗಾಳವನ್ನು ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಿಸಿ ತೆಗೆಯಬೇಕು. ಎಸೆಯಬಾರದು. ನೀರಿನೊಳಗೆ ಹಿಡಿದುಕೊಂಡಿದ್ದು, ಅದೇ ಬಾಲ ಬೀಸಿದಾಗ ಕೈ ಬಿಡಬೇಕು.

ಹೊರಡುವ ಮುಂಚೆ ದಡದಲ್ಲಿ ಬಿದ್ದಿದ್ದ ಹಳೆ ನೈಲಾನ್ ದಾರ ಆರಿಸಿದೆವು. ನಮ್ಮದಲ್ಲ, ಬೇರೆ ಯಾರೋ ಬಿಟ್ಟು ಹೋದದ್ದು. ನನಗೆ ಸಿಟ್ಟು ಬರುವುದೇ ಇಲ್ಲಿ. ಆ ದಾರ ವರ್ಷಗಟ್ಟಲೆ ಕೊಳೆಯುವುದಿಲ್ಲ. ಮಿಂಚುಳ್ಳಿ, ನೀರುಕಾಗೆಗಳ ಕಾಲಿಗೆ ಸುತ್ತಿಕೊಂಡರೆ ಅವು ಹಾರಲಾರದೆ ಸಾಯುತ್ತವೆ. ಒಂದು ಮುಷ್ಟಿ ದಾರ ಜೇಬಿಗೆ ಹಾಕಿಕೊಳ್ಳುವುದು ಅಷ್ಟು ಕಷ್ಟವೇ?

ರಾತ್ರಿ ಹೊಳಲ್ಕೆರೆ ದಾರಿಯಲ್ಲಿ ಚಿತ್ರದುರ್ಗ ಸೇರಿದೆವು. ಅಲ್ಲಿ ಚಿಕ್ಕಮ್ಮನ ಮನೆ. ಮಾವನಿಗೆ ಅವರು ಒಬ್ಬಳೇ ತಂಗಿ. ಹಿತ್ತಲಲ್ಲಿ ಬೂದಿ ಹಚ್ಚಿ ಪೊರೆ ಕೆರೆದು, ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದರು. ಕಾಟ್ಲಾ ತಲೆಯ ಸಾರು, ರಾಗಿ ಮುದ್ದೆ. "ಅಣ್ಣ ಬಂದ ಅಂದ್ರೆ ನಂಗೆ ಮೀನು ತೊಳೆಯೋ ಕೆಲ್ಸ" ಅಂತ ಚಿಕ್ಕಮ್ಮ ಅನ್ನುತ್ತಲೇ ತಲೆಯ ತುಂಡನ್ನು ಅಣ್ಣನ ತಟ್ಟೆಗೇ ಹಾಕಿದರು.

ಭಾನುವಾರ: ಮಾರಿಕಣಿವೆ

ಹಿರಿಯೂರು ತಾಲ್ಲೂಕಿನ ವಾಣಿ ವಿಲಾಸ ಸಾಗರವನ್ನು ಇಲ್ಲಿಯವರು ಈಗಲೂ ಮಾರಿಕಣಿವೆ ಅಂತಲೇ ಕರೆಯುತ್ತಾರೆ. ಕಣಿವೆ ಮಾರಮ್ಮನ ಗುಡಿ ಅಲ್ಲೇ ಇದೆ. ವೇದಾವತಿಗೆ ಕಟ್ಟಿದ ಅಣೆಕಟ್ಟು. ಮೈಸೂರು ಸಂಸ್ಥಾನದವರು 1898ರಲ್ಲಿ ಶುರು ಮಾಡಿ 1907ರಲ್ಲಿ ಮುಗಿಸಿದರು. ಪೂರ್ತಿ ತುಂಬಿದರೆ 130 ಅಡಿ. ಆದರೆ ತುಂಬುವುದೇ ಅಪರೂಪ. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ. ಆ ವರ್ಷ ಜನ ಕುಟುಂಬ ಸಮೇತ ಟ್ರ್ಯಾಕ್ಟರ್ ಕಟ್ಟಿಕೊಂಡು ನೋಡಲು ಬಂದಿದ್ದರು. 89 ವರ್ಷ ಕಾದ ನೀರು ಅದು. ಅಲ್ಲಿಂದ ಸ್ವಲ್ಪ ಸಮಯಕ್ಕೇ, 2025ರ ಜನವರಿಯಲ್ಲಿ ಇನ್ನೊಮ್ಮೆ ಕೋಡಿ ಬಿತ್ತು. ಭದ್ರಾ ನೀರನ್ನೂ ಈಗ ಇಲ್ಲಿಗೆ ಹರಿಸುತ್ತಿರುವುದು ಇದಕ್ಕೆ ಒಂದು ಕಾರಣ.

ಅಣೆಕಟ್ಟೆ ಹತ್ತಿರ ಯಾರೂ ಗಾಳ ಹಾಕಬಾರದು, ಹಾಕುವುದೂ ಬೇಡ. ನೀರು ಅಲ್ಲಿ ಬಹಳ ಆಳ. ನಾವು ಹೋದದ್ದು ಹಿನ್ನೀರಿಗೆ, ಪರವಾನಗಿ ಇರುವ ಮೀನುಗಾರರ ಜೊತೆ. ಅವರ ಹರಿಗೋಲುಗಳು ದಡದಲ್ಲಿ ಬೋರಲು ಬಿದ್ದಿದ್ದವು, ತಳಕ್ಕೆ ಹೊಸದಾಗಿ ಟಾರು ಬಳಿದಿದ್ದರು.

ಹಿನ್ನೀರಿನಲ್ಲಿ ನನಗೆ ಇಷ್ಟವಾದ ನೋಟ ಒಂದಿದೆ. ನೀರು ಹಿಂದೆ ಸರಿದ ಕಡೆ ತಳ ಕಾಣುತ್ತದೆ. ಅಲ್ಲಿ ಊಟದ ತಟ್ಟೆಯಷ್ಟು ಅಗಲದ ದುಂಡನೆಯ ತಗ್ಗುಗಳು, ಒಂದರ ಪಕ್ಕ ಒಂದು. ಜಿಲೇಬಿ ಮೀನಿನ ಗಂಡು ಬಾಯಿಂದ ಮಣ್ಣು ಕಚ್ಚಿ ಹೊರಹಾಕಿ ಮಾಡಿದ ಗೂಡು. ಹೆಣ್ಣು ಅಲ್ಲಿ ಮೊಟ್ಟೆ ಇಟ್ಟು, ತಕ್ಷಣ ಅವನ್ನು ಬಾಯಿಗೆ ತುಂಬಿಕೊಂಡು ಹೊರಡುತ್ತದೆ. ಮರಿ ಆಗುವವರೆಗೂ ಬಾಯಲ್ಲೇ ಕಾಪಾಡುತ್ತದೆ. ಆಫ್ರಿಕಾದ ಮೀನು, 1952ರಲ್ಲಿ ನಮ್ಮ ದೇಶಕ್ಕೆ ತಂದದ್ದು. ಯಾರೂ ಮರಿ ತಂದು ಬಿಡುವುದು ಬೇಕಿಲ್ಲ, ತಾನೇ ತುಂಬಿಕೊಳ್ಳುತ್ತದೆ. ಬೇರೆ ಮೀನಿಗೆ ಜಾಗ ಬಿಡುವುದಿಲ್ಲ ಅನ್ನುವುದು ಮೀನುಗಾರರ ದೂರು. ಹಾಗಾಗಿ ಜಿಲೇಬಿ ಎಷ್ಟು ಹಿಡಿದರೂ ಇಲ್ಲಿ ಯಾರೂ ಬೇಸರಪಡುವುದಿಲ್ಲ. ಹೊಸದಾಗಿ ಗಾಳ ಹಿಡಿಯುವವರಿಗೆ ನಾನು ಹೇಳುವುದೂ ಇದನ್ನೇ. ಒಂದು ಬಿದಿರು ಕೋಲು, ಸಣ್ಣ ಗಾಳ, ನವಿಲುಗರಿಯ ಕಡ್ಡಿಯ ಬೆಂಡು, ಎರೆಹುಳ. ಇಷ್ಟೇ ಸಾಕು. ರೀಲು, ರಾಡು ಆಮೇಲೆ ನೋಡಿದರಾಯಿತು.

ಗೆಳೆಯನ ಮನಸ್ಸು ಕೊರವ ಮೀನಿನ ಮೇಲೆ. ಉದ್ದ ಮೈ, ಚಪ್ಪಟೆ ತಲೆ, ಬಾಯಿ ತುಂಬ ಹಲ್ಲು. ಹುಲ್ಲು, ಜೊಂಡು ಇರುವ ಕಡೆ ಅಡಗಿ ಕೂರುತ್ತದೆ. ಆಗಾಗ ಮೇಲೆ ಬಂದು ಗಾಳಿ ಗುಟುಕರಿಸಿ ಹೋಗುತ್ತದೆ, ಅದರಿಂದಲೇ ಜಾಗ ಪತ್ತೆ. ರಬ್ಬರಿನ ಕಪ್ಪೆಯನ್ನು ಜೊಂಡಿನ ಮೇಲೆ ಎಸೆದು ಕುಪ್ಪಳಿಸುತ್ತಾ ಎಳೆಯುವುದು ಈಗಿನವರ ರೀತಿ. ಬೆಳಗಿಡೀ ಎಸೆದ. ಒಂದು ಸಲ ನೀರು ಒಡೆದು ಕೊರವ ಎದ್ದಿತು, ಕಪ್ಪೆಯನ್ನು ಹಿಡಿಯಲಿಲ್ಲ.

ಮತ್ತೆ ಎಸೆಯಲು ಕೋಲು ಎತ್ತಿದಾಗ ಜೊತೆಗಿದ್ದ ಮೀನುಗಾರ ತಡೆದ.

"ಸಾರ್, ತಡೀರಿ. ಅಲ್ಲಿ ಕೆಂಪಗೆ ಕಾಣ್ತೈತಲ್ಲ, ನೋಡಿ."

ಜೊಂಡಿನ ಪಕ್ಕದಲ್ಲಿ ನೀರು ತುಸು ಕೆಂಪಗೆ ನಡುಗುತ್ತಿತ್ತು. ಕೊರವದ ಮರಿಗಳು. ನೂರಾರು ಒಟ್ಟಿಗೆ, ಮೇಲೆ ಏಳುತ್ತಾ ಕೆಳಗೆ ಇಳಿಯುತ್ತಾ. ಕೆಳಗೆ ಎಲ್ಲೋ ಅಪ್ಪ ಅಮ್ಮ ಎರಡೂ ಕಾವಲಿರುತ್ತವೆ. ಕಪ್ಪೆ ಮೇಲೆ ಅದು ಎರಗಿದ್ದು ಹಸಿವಿಗಲ್ಲ, ಮರಿಗಳ ಹತ್ತಿರ ಬಂದದ್ದಕ್ಕೆ. ಈ ಹೊತ್ತಿನಲ್ಲಿ ಅದನ್ನು ಹಿಡಿಯುವುದು ಬಹಳ ಸುಲಭ, ಮರಿಗಳ ಮೇಲೆ ಎಸೆದರೆ ಸಿಟ್ಟಿಗೆ ಕಚ್ಚಿಯೇ ಕಚ್ಚುತ್ತದೆ. ತಂದೆತಾಯಿ ಹೋದರೆ ಸಂಜೆಯೊಳಗೆ ಆ ನೂರಾರು ಮರಿ ಬೇರೆ ಮೀನಿನ ಹೊಟ್ಟೆಗೆ. ಮಳೆಗಾಲದಲ್ಲಿ ಇದು ಜಾಸ್ತಿ, ಆದರೆ ಕಾರ್ತಿಕದಲ್ಲೂ ಕಂಡಿತು. ಗೆಳೆಯ ಏನೂ ಹೇಳದೆ ದಾರ ಸುತ್ತಿಕೊಂಡು ನಮ್ಮ ಪಕ್ಕ ಬಂದು ಜಿಲೇಬಿಗೆ ಕೂತ.

ಮಧ್ಯಾಹ್ನ ಅಣೆಕಟ್ಟೆ ಕಡೆಯ ಹೋಟೆಲಿನಲ್ಲಿ ಊಟ. ಮಾರಿಕಣಿವೆಗೆ ಬಂದು ಮೀನು ಫ್ರೈ ತಿನ್ನದೆ ಹೋಗುವವರು ಕಡಿಮೆ. ಖಾರ ಹಚ್ಚಿ ಕಾವಲಿ ಮೇಲೆ ಹುರಿದು, ಬಿಸಿ ಬಿಸಿ ತಂದಿಡುತ್ತಾರೆ. ಸಂಜೆ ಹೆದ್ದಾರಿ ಹಿಡಿದು ಊರಿಗೆ ವಾಪಸ್.

ಸೋಮವಾರ: ಹರಿಹರ

ಕಾರ್ತಿಕ ಸೋಮವಾರ ಮಾವ ಗಾಳ ಮುಟ್ಟುವುದಿಲ್ಲ, ಮೀನೂ ತಿನ್ನುವುದಿಲ್ಲ. ಹಾಗಂತ ನೀರಿನ ಕಡೆ ಹೋಗದೆ ಇರಲೂ ಆಗದು. "ಹೊಳಿಗೆ ಹೋಗಿ ಸುಮ್ನೆ ಕೂತು ಬರೋಣ" ಅಂದರು. ಬೆಣ್ಣೆ ದೋಸೆ ತಿಂದು ಹರಿಹರಕ್ಕೆ ಹೋದೆವು. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ಗುಡಿಯಲ್ಲಿ ದೀಪಕ್ಕೆ ಜನ ಸೇರಿದ್ದರು. ಕೈಮುಗಿದು ಹೊಳೆಗೆ ಇಳಿದೆವು.

ಸೂಳೆಕೆರೆಯಿಂದ ಹೊರಡುವ ಹರಿದ್ರಾ ಹಳ್ಳ ಬಂದು ತುಂಗಭದ್ರೆಯನ್ನು ಸೇರುವುದು ಹರಿಹರದಲ್ಲೇ. ವೇದಾವತಿ ಇನ್ನೂ ಕೆಳಗೆ ಬಳ್ಳಾರಿ ಸೀಮೆಯಲ್ಲಿ ಹಗರಿ ಅನ್ನುವ ಹೆಸರಿನಲ್ಲಿ ಇದೇ ಹೊಳೆಗೆ ಕೂಡುತ್ತದೆ. ನಾವು ಎರಡು ದಿನ ಕೂತ ನೀರೆಲ್ಲ ಕೊನೆಗೆ ಸೇರುವುದು ಈ ಹೊಳೆಗೇ.

ಹೊಳೆ ಸೊರಗಿತ್ತು. ಬಂಡೆಗಳ ನಡುವೆ ಮಡುಗಳು, ಮಡುವಿನಿಂದ ಮಡುವಿಗೆ ತೆಳ್ಳಗೆ ಹರಿವು. ಹರಿಗೋಲಿನವರು ರಾತ್ರಿ ಬಿಟ್ಟ ಬಲೆ ಎತ್ತಿ ದಡಕ್ಕೆ ಬಂದರು. ಸಣ್ಣ ಪಕ್ಕೆ ಮೀನು ಒಂದಿಷ್ಟು, ಹಾವುಮೀನು, ಒಂದು ಬಾಳೆ ಮೀನು. ಬಾಳೆಗೆ ಪೊರೆಯೇ ಇಲ್ಲ, ಮೈ ನುಣ್ಣಗೆ, ಬಾಯಿ ಕಣ್ಣಿಗಿಂತ ಹಿಂದಕ್ಕೆ ಸೀಳಿರುತ್ತದೆ. ಇವು ಯಾವುದನ್ನೂ ಯಾರೂ ತಂದು ಬಿಟ್ಟದ್ದಲ್ಲ. ಮುಂಗಾರಿನಲ್ಲಿ ಮಲೆನಾಡಿನ ಕೆಂಪು ನೀರು ಇಳಿದು ಬಂದಾಗ ಹೊಳೆಯ ಮೀನು ಅದಕ್ಕೆ ಎದುರಾಗಿ ಮೇಲಕ್ಕೆ ಏರುತ್ತದೆ, ಹಳ್ಳಗಳಿಗೆ, ಮುಳುಗಿದ ಗದ್ದೆಗಳಿಗೆ ನುಗ್ಗಿ ಮೊಟ್ಟೆ ಇಡುತ್ತದೆ. ಹತ್ತುಮೀನು ಅಂತ ಜನ ಮುಗಿಬಿದ್ದು ಹಿಡಿಯುವುದೂ ಆಗಲೇ.

"ಮೊದ್ಲಿನಂಗ ಇಲ್ರಿ" ಅಂದ ಹರಿಗೋಲಿನವ. "ಮಳಿ ಬಿದ್ದ ಮೊದಲ್ನೇ ವಾರ ಹಳ್ಳದ ಬಾಯಿಗೆ ಬಲಿ ಕಟ್ಟಿಬಿಡ್ತಾರ. ಹೊಟ್ಟಿತುಂಬ ಮೊಟ್ಟಿ ಇರೋ ಮೀನು. ನಾವು ಬ್ಯಾಡ ಅಂದ್ರ ಕೇಳೋರ್ಯಾರು? ಅವರು ಮೀನಿನವ್ರಲ್ಲ, ಒಂದಿನಕ್ಕ ಬರೋರು."

"ಗಾಳದೋರೂ ಬರ್ತಾರೇನು?" ಮಾವ ಕೇಳಿದರು.

"ಬರ್ತಾರ್ರಿ. ಗಾಳದೋರೂ ಬರ್ತಾರ."

ಮಾವ ತಲೆಯಾಡಿಸಿದರು. ಆರಿದ್ರಾ ಮಳೆಯಿಂದ ಆಶ್ಲೇಷಾ ಮುಗಿಯುವವರೆಗೆ ಅವರು ಕೋಲು ಅಟ್ಟಕ್ಕೆ ಹಾಕುತ್ತಾರೆ, ನನ್ನದನ್ನೂ ಹಾಕಿಸುತ್ತಾರೆ. ವಾರದ ರಜೆಯಲ್ಲಿ ಸುಮ್ಮನೆ ಕೂರಬೇಕಲ್ಲ ಅಂತ ನನಗೆ ಮೊದಲೆಲ್ಲ ಬೇಜಾರಾಗುತ್ತಿತ್ತು. ಈಗ ಆ ತಿಂಗಳುಗಳಲ್ಲಿ ಬೈನಾಕ್ಯುಲರ್ ಹಿಡಿದು ಕುಂದವಾಡ ಕೆರೆ ಸುತ್ತುತ್ತೇನೆ, ಕೊಂಡಜ್ಜಿ ಕಡೆ ನಡೆಯುತ್ತೇನೆ. ನೀರಿನ ಹತ್ತಿರ ಇರಲು ಗಾಳವೇ ಬೇಕೆಂದೇನಿಲ್ಲ.

ಹರಿಗೋಲಿನವ ಬಾಳೆ ಮೀನನ್ನು ತೂಗಿ ತೋರಿಸಿ ತಗೊಳ್ಳಿ ಅಂದ. ಮಾವ ಕೈಯಾಡಿಸಿ ಬೇಡ ಅಂದರು, ಗೆಳೆಯ ಕೊಂಡ. ಅವನ ಮನೆಯಲ್ಲಿ ಸೋಮವಾರದ ಕಟ್ಟು ಇಲ್ಲ.

ಕಾರು ಹತ್ತುವಾಗ ಮುಂದಿನ ವಾರದ ಮಾತು ಬಂತು. ದೇವರಬೆಳಕೆರೆ ಪಿಕಪ್ ಅಣೆಕಟ್ಟೆ ಆಗಬಹುದು ಅಂದೆ. ಹತ್ತಿರ, ಒಂದೇ ದಿನಕ್ಕೆ ಹೋಗಿ ಬರಬಹುದು. ಗೆಳೆಯ ಆಗಲೇ ಇಳಿದು ಹರಿಗೋಲಿನವನ ಹತ್ತಿರ ವಾಪಸ್ ಹೋಗಿದ್ದ. ಅಲ್ಲಿ ಮೀನು ಬಿಟ್ಟವರು ಯಾರು, ಯಾರನ್ನು ಕೇಳಬೇಕು ಅಂತ ವಿಚಾರಿಸಿ, ಫೋನ್ ನಂಬರ್ ಬರೆದುಕೊಂಡು ಬಂದ.